ಅಗೃಹರು ಮತ್ತು ಆವಾಸದಾನ

2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನ ಪೂರ್ವಭಾಗದಲ್ಲಿ ಸುರಿದ ಮಳೆಯನ್ನು ಆ ಕಡೆಯ ಜನ ಇನ್ನೂ ಮರೆತಿರಲಾರರು. ಬೆಳಗಾಗುವಷ್ಟರಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಆಸುಪಾಸೆಲ್ಲ ಜಲಾವೃತವಾಗಿ, ಹೊರವರ್ತುಲ ರಸ್ತೆಯೇ ಕೆರೆಯಂತಾಗಿತ್ತು. ಕೋಟಿಗಟ್ಟಲೆ ಬೆಲೆಬಾಳುವ ಬಂಗಲೆಗಳಿಂದ ಜನರನ್ನು ಟ್ರ್ಯಾಕ್ಟರುಗಳಲ್ಲಿ ಕೂರಿಸಿ ಹೊರತಂದ ಚಿತ್ರಗಳು ದೇಶವಿದೇಶಗಳ ಪತ್ರಿಕೆಗಳಲ್ಲಿ ಪ್ರಕಟವಾದವು. ಅದೇ ನೀರು ಅದೇ ರಾತ್ರಿ, ಅದೇ ರಸ್ತೆಗಳ ಹಿಂಬದಿಯ ತಗ್ಗಿನಲ್ಲಿದ್ದ ನೀಲಿ ತಾಡಪಾಲಿನ ಶೆಡ್ಡುಗಳಿಗೂ ನುಗ್ಗಿತ್ತು. ಅವುಗಳ ಚಿತ್ರ ಬಂದದ್ದು ಕಡಿಮೆ.

ಅವು ದಶಲಕ್ಷಣ ಪರ್ವದ ದಿನಗಳು. ವೈಟ್‌ಫೀಲ್ಡ್ ಕಡೆಯ ಬಡಾವಣೆಯೊಂದರಲ್ಲಿ ಮಗನ ಮನೆಯಲ್ಲಿ ವಾಸವಾಗಿರುವ, ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಿಂದ ನಿವೃತ್ತರಾದ ಉಪಾಧ್ಯಾಯಿನಿಯೊಬ್ಬರು ಅಂದು ಏಕಾಶನ ವ್ರತದಲ್ಲಿದ್ದರು. ಬೆಳಿಗ್ಗೆ ಪೂಜೆ ಮುಗಿಸಿ ಬರುವ ಹೊತ್ತಿಗೆ, ಮನೆಗೆಲಸಕ್ಕೆ ಬರುವ ಯಾದಗಿರಿ ಕಡೆಯ ಹೆಂಗಸು ಇಬ್ಬರು ಮಕ್ಕಳೊಡನೆ, ತಲೆಯ ಮೇಲೊಂದು ತಗಡಿನ ಟ್ರಂಕು ಹೊತ್ತು ಬಾಗಿಲಲ್ಲಿ ನಿಂತಿದ್ದಳು. “ಅಮ್ಮಾರ, ಒಳಗ ಸೊಂಟಮಟ ನೀರು ನಿಂತಾವ್ರಿ. ಮನಿ ಕೊಡ್ರಿ ಅನ್ನಂಗಿಲ್ರಿ, ಒಂದೆರಡು ರಾತ್ರಿ ಮಕ್ಕಳಿಗಿ ಜಾಗ ಸಿಕ್ರ ಸಾಕ್ರಿ” ಎಂದಳು. ಅವಳ ಹಿಂದೆ ಇನ್ನೂ ಹತ್ತು ಸಂಸಾರಗಳಿದ್ದವು.

ಉಪಾಧ್ಯಾಯಿನಿಯವರಿಗೆ ಮೊದಲು ನೆನಪಾದದ್ದು ತಾವು ದಿನವೂ ಹೋಗುವ ಬಸದಿಯ ಸಭಾಭವನ. ಮೇಲಿನ ಅಂತಸ್ತು ರಾತ್ರಿ ಖಾಲಿಯಿರುತ್ತಿತ್ತು. ಟ್ರಸ್ಟಿನ ಕಾರ್ಯದರ್ಶಿಗಳಿಗೆ ದೂರವಾಣಿ ಮಾಡಿದರು. ಕಾರ್ಯದರ್ಶಿಗಳು ಕಠಿಣ ಹೃದಯದವರೇನಲ್ಲ. ಪೀಣ್ಯದಲ್ಲಿ ಸಣ್ಣ ಲೇತ್ ಕಾರ್ಖಾನೆಯೊಂದನ್ನು ಮೂವತ್ತು ವರ್ಷ ನಡೆಸಿ, ಕೂಲಿಯವರ ಕಷ್ಟಸುಖ ಬಲ್ಲವರು. ಆದರೂ ಒಪ್ಪಲಿಲ್ಲ. ಪರ್ವದ ಅಡುಗೆ ಅಲ್ಲಿಯೇ ನಡೆಯುತ್ತಿದೆ, ಬಂದವರು ಮಾಂಸಾಹಾರಿಗಳು, ಶುದ್ಧಿಯ ಪ್ರಶ್ನೆಯಿದೆ ಎಂದರು. ಕೊನೆಗೆ ಮನಸ್ಸಿನಲ್ಲಿದ್ದುದನ್ನೇ ಹೇಳಿದರು: “ಅಮ್ಮಾ, ಎರಡು ರಾತ್ರಿ ಅಂತ ಬರುತ್ತಾರೆ. ಮೂರನೆಯ ದಿನ ಹೊರಡಿ ಅಂತ ಹೇಳುವವರು ಯಾರು? ನೀವೋ, ನಾನೋ?”

ಈ ಪ್ರಶ್ನೆಯನ್ನು ಕೇವಲ ನೆಪವೆಂದು ತಳ್ಳಿಹಾಕುವುದು ಸುಲಭ. ಆದರೆ ಉಪಾಧ್ಯಾಯಿನಿಯವರು ಹಾಗೆ ಮಾಡಲಿಲ್ಲ. ಅವರ ಬಳಿಯೂ ಉತ್ತರವಿರಲಿಲ್ಲ. ಸಮೀಪದ ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರು, ವೃತ್ತಿಬಾಂಧವರೆಂಬ ದಾಕ್ಷಿಣ್ಯದಿಂದಲೋ ಏನೋ, ಎರಡು ಕೊಠಡಿಗಳ ಬೀಗ ತೆಗೆಸಿಕೊಟ್ಟರು.

ಅಲ್ಲಿ ಕಂಡ ಒಂದು ದೃಶ್ಯ ಅವರ ಮುಂದಿನ ಎರಡು ವರ್ಷಗಳ ಕೆಲಸಕ್ಕೆ ದಾರಿ ತೋರಿಸಿತು. ಅನ್ನ, ಬ್ರೆಡ್ಡು, ಹಳೆಯ ಸೀರೆಗಳನ್ನು ಹೊತ್ತು ಅಪಾರ್ಟ್‌ಮೆಂಟುಗಳ ಯುವಕರು ಬಂದರೆ, ಆ ಹೆಂಗಸರು ಅವನ್ನು ಒಂದು ಮೂಲೆಯಲ್ಲಿಡಿಸಿ ಮೊದಲು ಕೇಳಿದ್ದು ಒಂದು ಹಗ್ಗ. ಟ್ರಂಕುಗಳನ್ನು ತೆರೆದು, ನೆನೆದು ಒಂದಕ್ಕೊಂದು ಅಂಟಿಕೊಂಡಿದ್ದ ಕಾಗದಗಳನ್ನು ಬಿಡಿಸಿ ತರಗತಿಯ ಉದ್ದಕ್ಕೂ ಒಣಹಾಕಿದರು. ಆಧಾರ್ ಕಾರ್ಡು, ಪಡಿತರ ಚೀಟಿ, ಕಾರ್ಮಿಕ ಮಂಡಳಿಯ ಗುರುತಿನ ಚೀಟಿ, ಮಗುವಿನ ಲಸಿಕೆಯ ಪುಸ್ತಕ, ಊರಿನ ಸಾಲದ ಪತ್ರ. ಕಪ್ಪುಹಲಗೆಯ ಮುಂದೆ ಹನ್ನೊಂದು ಸಂಸಾರಗಳ ಇರವಿಗೆ ಸಾಕ್ಷಿಯಾದ ಕಾಗದಗಳೆಲ್ಲ ಫ್ಯಾನಿನ ಗಾಳಿಗೆ ಅಲುಗಾಡುತ್ತಿದ್ದವು. ಹಸಿದ ಮಕ್ಕಳು ಪಕ್ಕದಲ್ಲಿದ್ದರೂ ಕಾಗದವೇ ಮೊದಲಾದದ್ದೇಕೆಂದು ಉಪಾಧ್ಯಾಯಿನಿಯವರಿಗೆ ಮೊದಲು ಅರ್ಥವಾಗಲಿಲ್ಲ.

ಕಾರಣವನ್ನು ಅವರಲ್ಲೇ ಒಬ್ಬ ಹೇಳಿದ. ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ 2020ರ ಜನವರಿಯಲ್ಲಿ, ಅಲ್ಲಿರುವವರು ಬಾಂಗ್ಲಾದೇಶದ ಅಕ್ರಮ ವಲಸಿಗರೆಂಬ ಮಾತು ಹಬ್ಬಿ, ನೂರಕ್ಕೂ ಹೆಚ್ಚು ಶೆಡ್ಡುಗಳನ್ನು ಕೆಡವಲಾಗಿತ್ತು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಗಳವರಿದ್ದಂತೆ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ವಿಷಯ ಹೈಕೋರ್ಟಿನ ಮುಂದೆ ಬಂದು, ನ್ಯಾಯಾಲಯವು ತೆರವನ್ನು ತಡೆದು, ಆ ಕ್ರಮಕ್ಕೆ ಕಾನೂನಿನ ಆಧಾರವಿಲ್ಲವೆಂದು ಹೇಳಿ, ಪುನರ್ವಸತಿಯ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. ಆ ಮನುಷ್ಯ ಅಂದು ಅಲ್ಲಿದ್ದವನು. ತಾನು ಶುದ್ಧ ಕನ್ನಡದಲ್ಲಿಯೇ ಮಾತನಾಡಿದರೂ ಕಾಗದ ತೋರಿಸು ಎಂದರಂತೆ. ಅಂದಿನಿಂದ ಟ್ರಂಕಿನಲ್ಲಿ ಬಟ್ಟೆಗಿಂತ ಮೊದಲು ಕಾಗದ ಸೇರುತ್ತದೆ.

ಇಂಥವರನ್ನು ಮನೆಯಿಲ್ಲದವರೆಂದು ಕರೆಯಬಹುದೇ ಎಂಬುದರಲ್ಲಿಯೇ ಸರ್ಕಾರಿ ಲೆಕ್ಕಕ್ಕೆ ಗೊಂದಲವಿದೆ. 2011ರ ಜನಗಣತಿಯಲ್ಲಿ ಫೆಬ್ರವರಿ 28ರ ರಾತ್ರಿ ಮನೆಯಿಲ್ಲದವರನ್ನು ಎಣಿಸಿದರು. ರಸ್ತೆಬದಿ, ಮೇಲ್ಸೇತುವೆಯ ಕೆಳಗೆ, ಹ್ಯೂಮ್ ಪೈಪುಗಳೊಳಗೆ, ದೇವಸ್ಥಾನಗಳ ಹೊರ ಜಗಲಿಯಲ್ಲಿ ಮಲಗಿದವರು ಆ ಲೆಕ್ಕಕ್ಕೆ ಬಂದರು. ಇಡೀ ದೇಶದಲ್ಲಿ ಸುಮಾರು 17.7 ಲಕ್ಷ ಜನ. ನಾಲ್ಕು ಕೋಲು ನೆಟ್ಟು ತಾಡಪಾಲು ಹೊದಿಸಿ, ಜಾಗದ ಮಾಲೀಕನಿಗೆ ತಿಂಗಳಿಗಿಷ್ಟೆಂದು ನೆಲಬಾಡಿಗೆಯನ್ನೂ ಕಟ್ಟುವವರು ಇತ್ತ ಮನೆಯುಳ್ಳವರೂ ಅಲ್ಲ, ಅತ್ತ ಇಲ್ಲದವರೂ ಅಲ್ಲ. 1 ಲಕ್ಷ ಜನಸಂಖ್ಯೆಗೆ ಒಂದರಂತೆ ದಿನದ 24 ಗಂಟೆಯೂ ತೆರೆದಿರುವ ಆಶ್ರಯತಾಣ ಇರಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿ ಆದೇಶಿಸಿತ್ತು. ಆದರೆ ನಗರಗಳ ತಂಗುದಾಣಗಳಲ್ಲಿ ಬಹುಪಾಲು ಒಂಟಿ ಗಂಡಸರನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಮಲಗಬೇಕಾದರೆ ಯಾವ ಸಂಸಾರವೂ ಅಲ್ಲಿಗೆ ಹೋಗುವುದಿಲ್ಲ.

ಕಟ್ಟಡ ಕಾರ್ಮಿಕರ ವಿಷಯದಲ್ಲಂತೂ ಕಾನೂನು ಇನ್ನೂ ಸ್ಪಷ್ಟವಾಗಿತ್ತು. ಆಗ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯಿದೆಯ 34ನೆಯ ಕಲಮಿನಂತೆ, ಕೆಲಸ ನಡೆಯುವಷ್ಟು ಕಾಲವೂ ಕಾರ್ಮಿಕರಿಗೆ ಬಾಡಿಗೆಯಿಲ್ಲದ ತಾತ್ಕಾಲಿಕ ವಸತಿಯನ್ನು, ಅಡುಗೆ, ಸ್ನಾನ, ಶೌಚದ ಏರ್ಪಾಡಿನೊಡನೆ ಒದಗಿಸುವುದು ಮಾಲೀಕನ ಕರ್ತವ್ಯ. ಆದರೆ ದಿನಗೂಲಿಯವನಿಗೆ ಮಾಲೀಕನೆಂದರೆ ಮೇಸ್ತ್ರಿ, ಮೇಸ್ತ್ರಿಗೆ ಕಂಟ್ರಾಕ್ಟರು, ಅವನ ಮೇಲೆ ಇನ್ನೊಬ್ಬ. ಕಾರ್ಮಿಕ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಹಿಂದಿನ ವರ್ಷ 90 ದಿನ ದುಡಿದೆನೆಂಬ ಪ್ರಮಾಣಪತ್ರಕ್ಕೆ ಸಹಿ ಹಾಕುವವರೇ ಸಿಗುವುದಿಲ್ಲವೆಂದರೆ, ವಸತಿಯನ್ನು ಕೇಳುವುದು ಯಾರನ್ನು?

ವೈಟ್‌ಫೀಲ್ಡ್ ಎಂಬ ಊರೇ ನೆಲೆಯಿಲ್ಲದವರಿಗೆ ನೆಲೆ ಕೊಡಲೆಂದು ಹುಟ್ಟಿದ್ದು ಎಂಬುದನ್ನು ಈ ಸಂದರ್ಭದಲ್ಲಿ ನೆನೆಯಬಹುದು. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ ಸಮುದಾಯದ ಸಂಘಕ್ಕೆ 3,900 ಎಕರೆ ಭೂಮಿ ನೀಡಿದರು. ಆ ವಸಾಹತಿಗಾಗಿ ದುಡಿದ ವೈಟ್ ಎಂಬವರ ಹೆಸರು ಊರಿಗೆ ನಿಂತಿತು. ಇಂದು ಅಲ್ಲಿ ಗಾಜಿನ ಗೋಪುರಗಳನ್ನು ಕಟ್ಟುವವರಿಗೆ ಮೂರು ಗಜ ಜಾಗ ದೊರೆಯುವುದು ದುಸ್ತರ.

ಶಾಲೆಯ ಕೊಠಡಿಗಳನ್ನು ನಾಲ್ಕನೆಯ ದಿನ ಬಿಟ್ಟುಕೊಡಬೇಕಾಯಿತು. ಕಾರ್ಯದರ್ಶಿಗಳು ಹೇಳಿದ್ದ ಮಾತು ಉಪಾಧ್ಯಾಯಿನಿಯವರ ಪಾಲಿಗೇ ಬಂತು: ಹೊರಡಿ ಎಂದು ಹೇಳಬೇಕಾದವರು ಅವರೇ ಆದರು. ಏಳು ಸಂಸಾರಗಳು ಕೆಸರು ಬಳಿದು ಹಳೆಯ ಜಾಗಕ್ಕೇ ಮರಳಿದವು. ಎರಡು ಊರಿಗೆ ಹೋದವು. ಉಳಿದ ಎರಡರಲ್ಲಿ ಒಂದು ಆ ಮನೆಗೆಲಸದ ಹೆಂಗಸಿನದು. ಅವಳ ಮಗಳು ಆರನೆಯ ತರಗತಿಯಲ್ಲಿ ಓದುತ್ತಿದ್ದು, ವರ್ಷದ ನಡುವೆ ಶಾಲೆ ಬಿಡಿಸಲು ತಾಯಿಗೆ ಮನಸ್ಸಿರಲಿಲ್ಲ.

ಆ ತಿಂಗಳು ಉಪಾಧ್ಯಾಯಿನಿಯವರು ಒಂದು ನೋಟುಪುಸ್ತಕ ಇಟ್ಟರು. ಬರೆಯತೊಡಗಿದ ಮೇಲೆ ತಿಳಿದ ಸಂಗತಿ ವಿಚಿತ್ರವಾಗಿತ್ತು. ಒಂದೇ ಭಾನುವಾರ ಮೂರು ಗುಂಪುಗಳು ಅದೇ ಶೆಡ್ಡುಗಳಿಗೆ ಅಕ್ಕಿ ಹಂಚಿದ್ದವು. ಪ್ರತಿ ಮನೆಗೂ ಮೂರು ಕಂಬಳಿಗಳು ಸೇರಿದ್ದವು. ಒಂದನ್ನು ಇಟ್ಟುಕೊಂಡು ಎರಡನ್ನು ಮಾರಿದವರನ್ನು ಕಂಡು ಒಂದು ಗುಂಪಿನವರು ಬೇಸರಗೊಂಡು ಬರುವುದನ್ನೇ ನಿಲ್ಲಿಸಿದರು. ಇತ್ತ ಹೆಂಗಸರು ಶೌಚಕ್ಕಾಗಿ ಬೆಳಗಿನ ನಾಲ್ಕಕ್ಕೆದ್ದು ಪೊದೆಗಳ ಕಡೆ ಹೋಗುತ್ತಿದ್ದುದನ್ನು ಯಾರೂ ಕೇಳಿರಲಿಲ್ಲ. ಯಾದಗಿರಿಯ ಪಡಿತರ ಚೀಟಿಯಿಂದ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಪಡೆಯಬಹುದೆಂಬುದು ಅರ್ಧ ಮನೆಗಳಿಗೆ ಗೊತ್ತೇ ಇರಲಿಲ್ಲ. ವರ್ಗಾವಣೆ ಪತ್ರ ಇಲ್ಲವೆಂದು ಇಬ್ಬರು ಮಕ್ಕಳನ್ನು ಒಂದು ಶಾಲೆಯವರು ಹಿಂದೆ ಕಳಿಸಿದ್ದರು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಆ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ.

ದಾನಿಗಳ ಕೊರತೆ ಇರಲಿಲ್ಲ. ಯಾರು ಯಾವುದನ್ನು ಮಾಡುತ್ತಿದ್ದಾರೆಂದು ಒಬ್ಬರಿಗೊಬ್ಬರು ಹೇಳುತ್ತಿರಲಿಲ್ಲ, ಅಷ್ಟೇ. ಉಪಾಧ್ಯಾಯಿನಿಯವರು ಮೂರೂ ಗುಂಪುಗಳವರನ್ನು ಮನೆಗೆ ಕರೆದು, ಕಾಫಿ ಕೊಟ್ಟು, ನೋಟುಪುಸ್ತಕವನ್ನು ಮುಂದಿಟ್ಟರು. ಒಬ್ಬರು ಪಡಿತರ ಮತ್ತು ಕಾಗದಪತ್ರಗಳನ್ನು, ಒಬ್ಬರು ಶಾಲೆ ಅಂಗನವಾಡಿಗಳನ್ನು, ಮತ್ತೊಬ್ಬರು ಆಸ್ಪತ್ರೆಯ ಓಡಾಟವನ್ನು ವಹಿಸಿಕೊಂಡರು. ಎಲ್ಲರೂ ಒಪ್ಪಿದಷ್ಟು ಸುಲಭವಾಗಿ ಎಲ್ಲವೂ ನಡೆಯಲಿಲ್ಲ. ಅಕ್ಕಿ ಹಂಚುವಾಗ ಸಿಗುವ ಸಂತೋಷ ಕಚೇರಿಯ ಸಾಲಿನಲ್ಲಿ ನಿಲ್ಲುವಾಗ ಸಿಗುವುದಿಲ್ಲವಾದ್ದರಿಂದ ಒಂದು ಗುಂಪು ಮೂರು ತಿಂಗಳಿಗೇ ಕರಗಿತು. ಸಂಚಾರಿ ಶೌಚಾಲಯಕ್ಕಾಗಿ ಅಂದಿನ ಬಿಬಿಎಂಪಿಗೆ ಕೊಟ್ಟ ಅರ್ಜಿ ಎರಡು ವರ್ಷ ಅಲೆಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ನಗರಪಾಲಿಕೆಗಳಾದವು. ಅರ್ಜಿ ಯಾವ ಕಚೇರಿಗೆಂದು ಹುಡುಕುವ ಕೆಲಸ ಮತ್ತೆ ಮೊದಲಿನಿಂದ.

ವಸತಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಪರ್ವ ಮುಗಿದ ಮೇಲೆ ಕರೆದ ಟ್ರಸ್ಟಿನ ಸಭೆಗೆ ಉಪಾಧ್ಯಾಯಿನಿಯವರು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಹಿಡಿದು ಹೋದರು. ಆಹಾರ, ಔಷಧ, ಉಪಕರಣಗಳ ಜೊತೆಗೆ ಆಚಾರ್ಯರು ಆವಾಸವನ್ನೂ ದಾನಗಳಲ್ಲಿ ಸೇರಿಸಿದ್ದಾರೆ, ದಾನ ಪಡೆಯುವವನನ್ನು ‘ಅಗೃಹ’ನೆಂದೇ ಕರೆದಿದ್ದಾರೆ, ಬಸದಿಯೆಂಬ ಮಾತೇ ವಸತಿಯಿಂದ ಬಂದದ್ದು ಎಂದು ವಿವರಿಸಿದರು. ಕಾರ್ಯದರ್ಶಿಗಳು ಶಾಂತವಾಗಿ ಕೇಳಿ, “ಅಮ್ಮಾ, ಅಲ್ಲಿ ಅಗೃಹನೆಂದರೆ ಮನೆಯನ್ನು ತ್ಯಜಿಸಿದ ತಪಸ್ವಿ. ಇವರು ಮನೆ ಕಳೆದುಕೊಂಡವರು. ಎರಡೂ ಒಂದೇ ಅಲ್ಲವಲ್ಲ” ಎಂದರು.

ಶಾಸ್ತ್ರದ ದೃಷ್ಟಿಯಿಂದ ಅವರ ಮಾತು ಸರಿಯೇ. ಅದು ಪಾತ್ರದಾನದ ಪ್ರಕರಣ. ಉಪಾಧ್ಯಾಯಿನಿಯವರೂ ಅದನ್ನು ಒಪ್ಪಿದರು. ಆದರೆ ಜಿನಸೇನಾಚಾರ್ಯರ ಆದಿಪುರಾಣವು ದತ್ತಿಯನ್ನು ನಾಲ್ಕಾಗಿ ವಿಂಗಡಿಸುವಾಗ ಪಾತ್ರದತ್ತಿಯ ಜೊತೆಯಲ್ಲಿಯೇ ದಯಾದತ್ತಿಯನ್ನೂ ಹೇಳುತ್ತದೆ. ಅಲ್ಲಿ ಪಡೆಯುವವನ ಯೋಗ್ಯತೆಯನ್ನು ತೂಗುವ ಪ್ರಮೇಯವಿಲ್ಲ, ಅವನ ಭಯ ನೀಗಬೇಕು. ಇಷ್ಟು ಹೇಳಿ ಅವರು ಪುಸ್ತಕವನ್ನು ಮುಚ್ಚಿ, ಲೆಕ್ಕದ ಹಾಳೆಯೊಂದನ್ನು ತೆಗೆದರು. ಕಾರ್ಖಾನೆ ನಡೆಸಿದ ಮನುಷ್ಯರಿಗೆ ಅದು ಬೇಗ ಅರ್ಥವಾಯಿತು.

ಲೆಕ್ಕ ಹೀಗಿತ್ತು. ಆ ಹೆಂಗಸೂ ಅವಳ ಗಂಡನೂ ಸೇರಿ ತಿಂಗಳಿಗೆ 4,000 ರೂಪಾಯಿ ಬಾಡಿಗೆ ಕೊಡಬಲ್ಲರು. ಅಷ್ಟಕ್ಕೆ ಶೀಟಿನ ಮಾಡಿನ ಒಂದು ಕೋಣೆ, ವಠಾರದ ಶೌಚಾಲಯ ಸಿಗುತ್ತದೆ. ಆದರೆ ಬೆಂಗಳೂರಿನ ರೂಢಿಯಂತೆ ಹತ್ತು ತಿಂಗಳ ಬಾಡಿಗೆ ಮುಂಗಡ ಬೇಕು. 40,000 ರೂಪಾಯಿ ಒಟ್ಟಿಗೆ ಅವರ ಕೈಗೆ ಎಂದೂ ಬಂದಿಲ್ಲ. ಅವರನ್ನು ತಾಡಪಾಲಿನ ಕೆಳಗೆ ಇಟ್ಟಿರುವುದು ಬಾಡಿಗೆಯಲ್ಲ, ಅಡ್ವಾನ್ಸು. ಟ್ರಸ್ಟು ಆ ಹಣವನ್ನು ಮನೆಯ ಮಾಲೀಕನಿಗೇ ಚೆಕ್ಕಿನ ಮೂಲಕ ಕೊಟ್ಟು, ಕರಾರುಪತ್ರದಲ್ಲಿ ಟ್ರಸ್ಟಿಗೇ ಮರಳಬೇಕೆಂದು ಬರೆಸಿದರೆ, ಹಣ ಖರ್ಚಾಗುವುದಿಲ್ಲ. ಒಂದು ಸಂಸಾರದಿಂದ ಇನ್ನೊಂದಕ್ಕೆ ಸಾಗುತ್ತದೆ. “ಹೊರಡಿ ಎಂದು ಹೇಳುವವರು ಯಾರು ಎಂದು ಕೇಳಿದಿರಲ್ಲ, ಇದರಲ್ಲಿ ಯಾರೂ ಹೇಳಬೇಕಾಗಿಲ್ಲ” ಎಂದರು.

ಟ್ರಸ್ಟು ಎರಡು ಮನೆಗಳಿಗೆ ಒಪ್ಪಿತು. ಮನೆ ಹುಡುಕುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು. ಮುಂಗಡ ಕೈಯಲ್ಲಿದ್ದರೂ ಹೆಸರು ಕೇಳಿ, ಜಾತಿ ಕೇಳಿ, ಏನು ತಿನ್ನುತ್ತೀರೆಂದು ಕೇಳಿ ಬಾಗಿಲು ಹಾಕಿದವರು ಹಲವರು. ಇಂಥ ಒಂದು ಬಾಗಿಲಲ್ಲಿ ಕಾರ್ಯದರ್ಶಿಗಳೇ ನಿಂತಿದ್ದರು. ಮಾಲೀಕ ಕೇಳಿದ್ದು ತಾವು ದೂರವಾಣಿಯಲ್ಲಿ ಕೇಳಿದ್ದ ಪ್ರಶ್ನೆಯನ್ನೇ ಎಂಬುದು ಅವರಿಗೆ ಹೊಳೆಯಿತೋ ಇಲ್ಲವೋ. ಹಿಂದಿರುಗುವಾಗ ದಾರಿಯುದ್ದಕ್ಕೂ ಅವರು ಮಾತನಾಡಲಿಲ್ಲವೆಂದು ಉಪಾಧ್ಯಾಯಿನಿಯವರು ಹೇಳುತ್ತಾರೆ.

ಮೊದಲ ಮುಂಗಡ ಹಿಂದಿರುಗಿದ್ದು 2024ರ ಬೇಸಗೆಯಲ್ಲಿ. ಮಾಲೀಕ ಸುಣ್ಣಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು 36,000 ರೂಪಾಯಿ ಕೊಟ್ಟ. ಕೊರೆ ಬಿದ್ದ 4,000 ರೂಪಾಯಿಗಳನ್ನು ಕಾರ್ಯದರ್ಶಿಗಳು ತಮ್ಮ ಜೇಬಿನಿಂದಲೇ ತುಂಬಿ, ರಸೀದಿ ಬೇಡವೆಂದರು. ಅದೇ ಹಣ ಮರುವಾರವೇ ಕೆಸರಿಗೆ ಮರಳಿದ್ದ ಏಳರಲ್ಲಿ ಒಂದು ಸಂಸಾರಕ್ಕೆ ಹೋಯಿತು. ಮನೆಗೆಲಸದ ಹೆಂಗಸು ಇನ್ನೂ ಆ ಶೀಟಿನ ಕೋಣೆಯಲ್ಲಿಯೇ ಇದ್ದಾಳೆ. ಮಗಳು ಪ್ರೌಢಶಾಲೆಗೆ ಬಂದಿದ್ದಾಳೆ.

ಮಳೆಯ ರಾತ್ರಿಗಳಲ್ಲಿ ಸಭಾಭವನದ ಮೇಲಂತಸ್ತನ್ನು ತೆರೆಯುವ ವಿಷಯ ಟ್ರಸ್ಟಿನ ಎರಡು ಸಭೆಗಳ ಕಾರ್ಯಸೂಚಿಯಲ್ಲಿ ಬಂದು, ಎರಡು ಸಲವೂ ಸಮಯಾಭಾವದಿಂದ ಮುಂದೂಡಲ್ಪಟ್ಟಿದೆ. ಉಪಾಧ್ಯಾಯಿನಿಯವರು ಪ್ರತಿ ಸಭೆಗೂ ತಪ್ಪದೆ ಹೋಗುತ್ತಾರೆ. ಅಷ್ಟರಲ್ಲಿ ಮುಂಗಾರಿಗೆ ಮುನ್ನ ಪ್ರತಿವರ್ಷ ಶೆಡ್ಡುಗಳಿಗೆ ಹೋಗಿ, ಮನೆಗೊಂದರಂತೆ ದಪ್ಪ ಪ್ಲಾಸ್ಟಿಕ್ ಚೀಲ ಕೊಟ್ಟು, ಕಾಗದಗಳನ್ನೆಲ್ಲ ತಮ್ಮೆದುರಿಗೇ ಅದರೊಳಗೆ ಹಾಕಿಸಿ, ಬಾಯಿ ಬಿಗಿದು ಕಟ್ಟಿಸಿ ಬರುತ್ತಾರೆ.