ಬಾಡಿಗೆಯ ಸೂರು

‘ಬಾಡಿಗೆ’ ಎಂಬ ಮಾತು ಸಂಸ್ಕೃತದ ‘ಭಾಟಕ’ ಶಬ್ದದ ತದ್ಭವ. ಹಳ್ಳಿಗಳಲ್ಲಿ ಈ ಮಾತು ಬಂಡಿಗೆ, ಎತ್ತಿಗೆ, ಈಚೆಗೆ ಟ್ರ್ಯಾಕ್ಟರಿಗೆ ಸಲ್ಲುವಷ್ಟು ಮನೆಗೆ ಸಲ್ಲುವುದಿಲ್ಲ. ಅಜ್ಜನು ಕಟ್ಟಿಸಿದ ಮನೆಯಲ್ಲಿ ಮೊಮ್ಮಗನು ಹುಟ್ಟಿ ಬೆಳೆಯುವ ಊರಿನಲ್ಲಿ ಬಾಡಿಗೆಗೆ ಇರುವವರೆಂದರೆ ವರ್ಗವಾಗಿ ಬಂದ ಮಾಸ್ತರರು, ಬ್ಯಾಂಕಿನ ಗುಮಾಸ್ತರು, ಊರಿನವರಲ್ಲ. ಆದುದರಿಂದಲೇ, ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ಬಂದು ಈ ವಿದ್ಯಾಸಂಸ್ಥೆಯಲ್ಲಿ ಓದಿ, ಮುಂದೆ ಇಂಜಿನಿಯರಿಂಗ್ ಪದವಿಯನ್ನು ಪಡೆದು, ಬೆಂಗಳೂರಿನ ವೈಟ್‌ಫೀಲ್ಡ್ ಭಾಗದ ಕಂಪನಿಯೊಂದರಲ್ಲಿ ಉದ್ಯೋಗಕ್ಕೆ ಸೇರಿದ ತರುಣನೊಬ್ಬನು ಬಾಡಿಗೆಯ ಮನೆಯ ಮಾತೆತ್ತಿದಾಗ, ಅವನ ತಂದೆಗೆ ಮೊದಲು ತೋರಿದ್ದು ಸಂಕೋಚ.

“ಮಂದಿ ಮನ್ಯಾಗ ರೊಕ್ಕಾ ಕೊಟ್ಟು ಇರೂದೇನ ತಮ್ಮಾ? ಅದರಕಿಂತ ಸಾಲಾ ಮಾಡಿ ಸ್ವಂತದ್ದು ಒಂದು ತಗೋ” ಎಂದರು ಆ ಹಿರಿಯರು.

ಹಿರಿಯರ ಮಾತು ತಳ್ಳಿಹಾಕತಕ್ಕದ್ದಲ್ಲ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಐವತ್ತು ಲಕ್ಷ ರೂಪಾಯಿ ಸಾಲವನ್ನು ನೂರಕ್ಕೆ ಎಂಟೂವರೆಯ ಬಡ್ಡಿಯಂತೆ 20 ವರ್ಷಗಳ ಅವಧಿಗೆ ಪಡೆದರೆ ತಿಂಗಳ ಕಂತು 43,000 ರೂಪಾಯಿಗಳನ್ನು ಮೀರುತ್ತದೆ. ತರುಣನ ಕೈಗೆ ಬರುವ ಸಂಬಳವೇ 38,000. ಅಷ್ಟೇ ಅಲ್ಲ, ಮೊದಲ ಕಂತಿನಲ್ಲಿ 35,000ಕ್ಕೂ ಮಿಕ್ಕ ಹಣ ಬಡ್ಡಿಗೇ ಹೋಗುತ್ತದೆ. ಬಡ್ಡಿಯೆಂಬುದು ಹಣಕ್ಕೆ ತೆರುವ ಬಾಡಿಗೆಯಲ್ಲದೆ ಮತ್ತೇನು? ಬಾಡಿಗೆ ಕೊಡುವವನ ಹಣ ಬೂದಿಯಲ್ಲಿ ಸುರಿದ ನೀರು, ಕಂತು ಕಟ್ಟುವವನದು ಹೊಲಕ್ಕೆ ಹಾಯಿಸಿದ ನೀರು ಎಂಬ ಭೇದ ಹೊರಗಿನಿಂದ ಕಾಣುವಷ್ಟು ಸರಳವಲ್ಲ.

ಆದರೂ ತರುಣನು ಒಡನೆಯೇ ಮನೆ ಹಿಡಿಯಲಿಲ್ಲ. ‘ಪಿ.ಜಿ.’ ಎಂದು ಕರೆಯಲಾಗುವ ವಸತಿಯಲ್ಲಿ ಸೇರಿಕೊಂಡನು. ಕೋಣೆಗೆ ಮೂವರು, ಊಟ ಸಹಿತ ತಿಂಗಳಿಗೆ 9,000 ರೂಪಾಯಿ. ಆ ಎರಡಕ್ಷರದ ವಿಸ್ತಾರ ‘ಪೇಯಿಂಗ್ ಗೆಸ್ಟ್’. ಅತಿಥಿ ಎಂಬ ಶಬ್ದಕ್ಕೆ ತಿಥಿಯನ್ನು ನೋಡದೆ ಬರುವವನು ಎಂದು ನಿರ್ವಚನ ಹೇಳುವುದುಂಟು. ತಿಂಗಳ ಐದನೆಯ ತಾರೀಖಿಗೆ ತಪ್ಪದೆ ಹಣ ತೆರುವವನನ್ನೂ ಅತಿಥಿ ಎಂದರೆ ಯಾವ ವೈಯಾಕರಣನು ಒಪ್ಪಿಯಾನು! ಅದಿರಲಿ. ತರುಣನು ಊರಿಗೆ ತಿಂಗಳಿಗೆ 15,000 ಕಳುಹಿಸುತ್ತಿದ್ದನು. ತಂಗಿಯ ಕಾಲೇಜಿನ ಶುಲ್ಕ ಅದರಲ್ಲಿಯೇ ಸಾಗಬೇಕು. ಓಡಾಟ, ಬಟ್ಟೆಬರೆ ಎಂದು 5,000 ಕಳೆದರೂ 9,000 ಉಳಿಯುತ್ತಿತ್ತು. ಎಂಟು ತಿಂಗಳು ಹೀಗೆ ಸಾಗಿದವು.

ಒಂಬತ್ತನೆಯ ತಿಂಗಳಲ್ಲಿ ತಂದೆ ಬಂದರು. ಎರಡೂ ಕಣ್ಣುಗಳಿಗೆ ಪೊರೆ ಬಂದಿದ್ದು, ಬೆಂಗಳೂರಿನ ಆಸ್ಪತ್ರೆಯಲ್ಲಿ ತೋರಿಸಬೇಕೆಂದು ಮಗನೇ ಕರೆಸಿಕೊಂಡಿದ್ದನು. ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಸಂಜೆ ವಸತಿಯ ಬಾಗಿಲಿಗೆ ಬಂದಾಗ ಅಲ್ಲಿಯ ವ್ಯವಸ್ಥಾಪಕನು ಗೋಡೆಯ ಮೇಲಿನ ಫಲಕವನ್ನು ತೋರಿಸಿದನು: ಹೊರಗಿನವರು ರಾತ್ರಿ ತಂಗುವಂತಿಲ್ಲ. ಇವರು ತಂದೆ ಎಂದರೂ ಅವನು ತಲೆಯಾಡಿಸಿದನು. ಅವನದೂ ತಪ್ಪೆನ್ನಲಾಗದು; ಆ ಕೋಣೆಯಲ್ಲಿ ಮಂಚ ಮೂರೇ, ಮಲಗುವವರೂ ಮೂವರೇ. ಹತ್ತಿರದ ಲಾಡ್ಜಿನಲ್ಲಿ ಒಂದು ರಾತ್ರಿಗೆ 1,200 ರೂಪಾಯಿ ಎಂದರು. ಅರ್ಧ ಕ್ವಿಂಟಲ್ ಗೋವಿನಜೋಳದ ಬೆಲೆ ಅದು. ಮಗನು ಎಷ್ಟು ಹೇಳಿದರೂ ತಂದೆ ಒಳಗೆ ಕಾಲಿಡಲಿಲ್ಲ. “ಮುಂದಿನ ಸಲ ನೋಡೂಣು” ಎಂದು ಗಂಟನ್ನು ಮಗನ ಕೈಗಿತ್ತು, ರಾತ್ರಿಯ ಬಸ್ಸಿಗೆ ಊರಿಗೆ ಮರಳಿದರು. ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಕೂಗಲಾದ ಹೆಸರಿಗೆ ಓಗೊಡುವವರಿರಲಿಲ್ಲ.

ಮನೆಯ ಹುಡುಕಾಟ ಆರಂಭವಾದುದು ಅಂದು. ದೂರದಲ್ಲಿ ಅಗ್ಗದ ಮನೆ ಹಿಡಿದು ಓಡಾಡುವುದು ಲೇಸೆಂದು ಕೆಲವರ ಸಲಹೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ಮೆಟ್ರೋ ರೈಲಿನ ನೇರಳೆ ಮಾರ್ಗವು 2023ರ ಅಕ್ಟೋಬರ್‌ನಲ್ಲಿ ಪೂರ್ಣವಾಗಿ ತೆರೆದ ಮೇಲೆ, ನಗರದ ಪಡುವಣ ತುದಿಯಲ್ಲಿದ್ದು ಮೂಡಣ ತುದಿಯಲ್ಲಿ ದುಡಿಯುವುದು ಸಾಧ್ಯವಾಗಿದೆ. ಕೆಂಗೇರಿಯಲ್ಲಿ ಒಂದು ಕೋಣೆಯ ಮನೆ 9,000ಕ್ಕೆ ದೊರೆಯುತ್ತಿತ್ತು. ಕಚೇರಿಯ ಸಮೀಪ ಅಂಥದೇ ಮನೆಗೆ 16,000. ಉಳಿತಾಯ 7,000 ಎಂದು ಹಿಗ್ಗುವಂತಿಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 90 ರೂಪಾಯಿಗೆ ಏರಿತು. ಹೋಗಿಬರಲು 180ರಂತೆ ತಿಂಗಳ 22 ದಿನಗಳಿಗೆ ಸುಮಾರು 4,000. ಉಳಿದದ್ದು 3,000. ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿಗೆ ಒಂದೂವರೆ ಗಂಟೆಯಂತೆ ದಿನಕ್ಕೆ ಮೂರು ಗಂಟೆ, ತಿಂಗಳಿಗೆ 66 ಗಂಟೆ ದಾರಿಯಲ್ಲಿಯೇ ಸಲ್ಲುತ್ತದೆ. ಅಂದರೆ ಇಪ್ಪತ್ಮೂರರ ಹರೆಯದ ಒಂದು ಗಂಟೆಯನ್ನು 45 ರೂಪಾಯಿಗೆ ಮಾರಿದಂತಾಯಿತು. ಈ ಮಾರಾಟ ತರುಣನಿಗೆ ಒಪ್ಪಿಗೆಯಾಗಲಿಲ್ಲ, ಆಗಬಾರದಾಗಿತ್ತು ಕೂಡ.

‘ಭೋಗ್ಯ’ಕ್ಕೆ ಹಾಕಿಕೊಳ್ಳಬಹುದೆಂದು ಮಧ್ಯವರ್ತಿಯೊಬ್ಬನು ಆಸೆ ತೋರಿಸಿದನು. ಹಲವು ಲಕ್ಷಗಳನ್ನು ಒಮ್ಮೆಲೇ ಯಜಮಾನನಿಗೆ ಕೊಟ್ಟರೆ ತಿಂಗಳ ಬಾಡಿಗೆಯಿಲ್ಲ. ಬಿಡುವಾಗ ಹಣ ಮರಳಿ ಬರುವುದು. ಕೇಳಲು ಸೊಗಸಾಗಿದೆ. ಆದರೆ ಆ ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದು ಯಜಮಾನನು ಕಟ್ಟದೆ ಹೋದರೆ, ಬ್ಯಾಂಕು ಬಂದು ಬೀಗ ಹಾಕುವ ದಿನ ಒಳಗಿರುವವನ ಗತಿಯೇನು? ಊರಿನ ಹೊಲವನ್ನು ಒತ್ತೆಯಿಟ್ಟು ತಂದ ಹಣವಾದರಂತೂ ಎರಡು ಕಡೆಯೂ ನೆಲ ಜಾರಿದಂತೆ. ಹಳ್ಳಿಯಿಂದ ಬಂದ ತರುಣರು ಈ ಭೋಗ್ಯದ ಗೊಡವೆಗೆ ಹೋಗದಿರುವುದೇ ಕ್ಷೇಮ.

ಕೊನೆಗೆ, ಇದೇ ಶಾಲೆಯಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು ಓದಿದ ಇಬ್ಬರು ಗೆಳೆಯರೊಡನೆ ಕೂಡಿ 24,000 ರೂಪಾಯಿಯ ಮನೆಯೊಂದನ್ನು ನೋಡಿದನು. ಯಜಮಾನರು ಬೆಂಗಳೂರಿನ ವಾಡಿಕೆಯಂತೆ ಹತ್ತು ತಿಂಗಳ ಮುಂಗಡ ಕೇಳಿದರು. ಕೇಂದ್ರ ಸರ್ಕಾರವು 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚಿನ ಮುಂಗಡ ಸಲ್ಲದೆನ್ನುತ್ತದೆ. ಆದರೆ ಮಾದರಿಯು ಮಾದರಿಯೇ. ರಾಜ್ಯವು ಶಾಸನ ಮಾಡಿದಲ್ಲದೆ ಅದು ಯಾರನ್ನೂ ಕಟ್ಟುವುದಿಲ್ಲ. ಕಾಯಿದೆಯನ್ನು ಬಿಟ್ಟು ವಿನಯವನ್ನು ಹಿಡಿದುದರಿಂದ ಮಾತು ಆರು ತಿಂಗಳಿಗೆ ನಿಂತಿತು. ತಲೆಗೆ 48,000. ಎಂಟು ತಿಂಗಳ ಉಳಿತಾಯ 72,000 ಕೈಯಲ್ಲಿದ್ದುದರಿಂದ ಊರಿಗೆ ಕೈಚಾಚಬೇಕಾಗಲಿಲ್ಲ. ಆ ಇಕ್ಕಟ್ಟಿನ ಕೋಣೆಯ ದಿನಗಳು ವ್ಯರ್ಥವಾದುವೆಂದು ಹೇಗೆ ಹೇಳುವುದು?

ಕರಾರು ಹನ್ನೊಂದು ತಿಂಗಳದ್ದು. ಒಂದು ವರ್ಷವನ್ನು ಮೀರಿದ ಗೇಣಿಪತ್ರವನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯಿದೆ ಹೇಳುವುದರಿಂದ ಹುಟ್ಟಿದ ರೂಢಿಯಿದು. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಷರತ್ತೂ ಅದರಲ್ಲಿದೆ. ತರುಣನು ಪತ್ರವನ್ನು ಎರಡು ಬಾರಿ ಓದಿ, ಬಂಧುಗಳು ಬಂದು ತಂಗಬಹುದೆಂಬ ಒಂದು ವಾಕ್ಯವನ್ನು ಬರೆಯಿಸಿದ ಮೇಲೆಯೇ ಸಹಿ ಹಾಕಿದನು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಆ ಭಾಗದ ಜನ ಟ್ಯಾಂಕರಿನ ಹಾದಿ ಕಾಯ್ದುದನ್ನು ಕೇಳಿ ಬಲ್ಲವನಾದುದರಿಂದ, ನೀರು ಎಲ್ಲಿಯದೆಂದು ವಿಚಾರಿಸುವುದನ್ನೂ ಮರೆಯಲಿಲ್ಲ.

ಈಗ ಬಾಡಿಗೆ, ದಿನಸಿ, ವಿದ್ಯುತ್ತು, ನೀರು ಎಲ್ಲ ಸೇರಿ ಅವನ ಪಾಲಿಗೆ 15,500 ಬೀಳುತ್ತದೆ. ಊರಿಗೆ ಕಳುಹಿಸುವ ಹಣದಲ್ಲಿ ಒಂದು ಪೈಸೆಯೂ ಕಡಿಮೆಯಾಗಿಲ್ಲ. ಕಡಿಮೆಯಾದುದು ಉಳಿತಾಯ, 9,000ದಿಂದ 2,500ಕ್ಕೆ. ಈ ನಷ್ಟ ಚಿಕ್ಕದಲ್ಲ. ಹೆತ್ತವರು ಗಟ್ಟಿಯಾಗಿದ್ದು, ಬರಹೋಗುವ ಬಂಧುಗಳಿಲ್ಲದ ತರುಣನಿಗೆ ಇನ್ನೊಂದೆರಡು ವರ್ಷ ಆ ಮೂರು ಮಂಚದ ಕೋಣೆಯೇ ಸಾಕೆಂದರೂ ಸರಿಯೇ.

ತಂದೆ ಮತ್ತೆ ಬಂದರು. ಹಜಾರದಲ್ಲಿ ಹಾಸಿದ ಚಾಪೆಯ ಮೇಲೆ ಹನ್ನೆರಡು ದಿನ ಇದ್ದರು. ಬಲಗಣ್ಣಿನ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಗೆಳೆಯರಿಬ್ಬರೂ ಸರದಿಯಂತೆ ಕಣ್ಣಿಗೆ ಔಷಧದ ಹನಿ ಬಿಟ್ಟರು; ಆ ಹಿರಿಯರು ಮೂವರಿಗೂ ರೊಟ್ಟಿ ಬಡಿಯುವುದನ್ನು ಕಲಿಸಿ ಹೋದರು. ಕರಾರು ಮುಗಿಯಲು ಇನ್ನು ನಾಲ್ಕು ತಿಂಗಳಿವೆ. ಬಾಡಿಗೆ ಏರುವುದೆಂದು ಯಜಮಾನರು ಈಗಲೇ ಸೂಚಿಸಿದ್ದಾರೆ. ಎಡಗಣ್ಣಿನ ಚಿಕಿತ್ಸೆಗೆ ಅದಕ್ಕೂ ಮುನ್ನಿನ ದಿನವೊಂದನ್ನು ಗೊತ್ತುಮಾಡಿ, ತರುಣನು ಊರಿಗೆ ತಿಳಿಸಿದ್ದಾನೆ.