ಮಕ್ಕಳಿದ್ದಾರೆ, ಆಮೇಲೆ ಮಾತಾಡೋಣ

ನಮ್ಮ ಮನೆಯಲ್ಲಿ ಸಾಲ, ಸಾವು, ಪಾಲುಪಟ್ಟಿಯ ಜಗಳ ಮಾತಿಗೆ ಬಂದರೆ ದೊಡ್ಡವರು ಕಣ್ಸನ್ನೆಯಲ್ಲೇ ಸುಮ್ಮನಾಗುತ್ತಿದ್ದರು. ನಾವು ಕುಂಟೆಬಿಲ್ಲೆಗೆ ಓಡುತ್ತಿದ್ದೆವು. ಅಪ್ಪ ಬಡ್ಡಿ ಕಟ್ಟಲಾಗದೆ ಒದ್ದಾಡಿದ್ದು ನನಗೆ ಗೊತ್ತಾಗಿದ್ದೇ ಕೆಲಸಕ್ಕೆ ಸೇರಿದ ಮೇಲೆ. ಆ ನಿಶ್ಚಿಂತೆಯ ಬಾಲ್ಯಕ್ಕಿಂತ ದೊಡ್ಡ ಆಸ್ತಿಯನ್ನು ಅವರು ನನಗೆ ಕೊಟ್ಟಿಲ್ಲ. ನನ್ನ ಮಕ್ಕಳಿಗೂ ಅದು ಸಿಗಲಿ ಅಂತ ಆಸೆ.

ಆದರೆ ಅದೇ ಮೌನದಲ್ಲಿ ಇನ್ನೊಂದು ವಿಷಯವೂ ಮುಚ್ಚಿಹೋಗುತ್ತಿತ್ತು. ಕೆಟ್ಟದಾಗಿ ಮೈ ಮುಟ್ಟುವವರ ಬಗ್ಗೆ ಯಾರೂ ಒಂದು ಮಾತು ಹೇಳಿಕೊಡುತ್ತಿರಲಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಬಂದದ್ದೇ 2012ರಲ್ಲಿ. ಇಂಥ ಪ್ರಕರಣಗಳಲ್ಲಿ ಆರೋಪಿ ಬಹುಪಾಲು ಮಗುವಿಗೆ ಪರಿಚಯದವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ಹೇಳುತ್ತಲೇ ಬಂದಿವೆ. ಹಾಗಿದ್ದೂ ಮನೆಗೆ ಬಂದವರಿಗೆಲ್ಲ "ಹೋಗು ಪುಟ್ಟಾ, ಮುತ್ತು ಕೊಡು" ಅನ್ನುತ್ತೇವಲ್ಲ, ಮೊದಲು ಅದನ್ನು ನಿಲ್ಲಿಸಬೇಕು. ಮಗು ಒಲ್ಲೆ ಅಂದರೆ ಒಲ್ಲೆ, ಎದುರಿಗಿರುವುದು ಸೋದರಮಾವನೇ ಆಗಲಿ.

ಸ್ನಾನ ಮಾಡಿಸುವಾಗಲೇ ಅಂಗಗಳ ಹೆಸರು ಹೇಳಿಕೊಡಿ. ಯಾರಾದರೂ "ಅಮ್ಮನಿಗೆ ಹೇಳಬೇಡ" ಅಂದರೆ ಅದನ್ನೇ ಮೊದಲು ಬಂದು ಹೇಳು ಅನ್ನಿ. ಇದರಿಂದ ಮಗುವಿನ ಮುಗ್ಧತೆ ಎಲ್ಲೂ ಹೋಗುವುದಿಲ್ಲ, ಅದು ಮತ್ತೆ ಆಟಕ್ಕೇ ಓಡುತ್ತದೆ. ಮಗ್ಗಿ ಕಲಿಸುವಾಗ 1098 ಕೂಡ ಬಾಯಿಪಾಠ ಮಾಡಿಸಿ. ಮಕ್ಕಳ ಸಹಾಯವಾಣಿ ಅದು, ಹಗಲು ರಾತ್ರಿ ಇರುತ್ತದೆ.