ಬಾಯಿಪಾಠದಲ್ಲಿ ತಪ್ಪಿರುವುದಿಲ್ಲ

ಪದವಿ ಪರೀಕ್ಷೆಗಳ ಮೌಲ್ಯಮಾಪನ ಶುರುವಾಯಿತೆಂದರೆ ಅಧ್ಯಾಪಕರ ಕೋಣೆಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಈ ಹುಡುಗರಿಗೆ ನೆಟ್ಟಗೆ ಒಂದು ವಾಕ್ಯ ಇಂಗ್ಲಿಷಿನಲ್ಲಿ ಬರೆಯೋಕೆ ಬರೋದಿಲ್ಲ ಕಣ್ರೀ, ನಮ್ಮ ಕಾಲದಲ್ಲಿ ಹೀಗಿರಲಿಲ್ಲ.’ ಈ ಮಾತಿನ ಮೊದಲರ್ಧ ನಿಜ. ಎರಡನೆಯ ಅರ್ಧವನ್ನು ನಂಬುವುದು ಕಷ್ಟ. ಲಾರ್ಡ್ ಕರ್ಜನ್ ಕಾಲದಲ್ಲಿ, 1902ರಲ್ಲಿ ಕೂತ ಭಾರತೀಯ ವಿಶ್ವವಿದ್ಯಾಲಯಗಳ ಆಯೋಗ, ಮೆಟ್ರಿಕ್ಯುಲೇಷನ್ ದಾಟಿ ಕಾಲೇಜಿಗೆ ಬಂದವರಿಗೆ ಇಂಗ್ಲಿಷಿನ ಉಪನ್ಯಾಸವೇ ಅರ್ಥವಾಗುತ್ತಿಲ್ಲವೆಂದು ವರದಿಯಲ್ಲೇ ಬರೆದು ಕೊರಗಿತ್ತು. ಆಗ ಮೊಬೈಲೂ ಇರಲಿಲ್ಲ, ಸರ್ಕಾರಿ ಶಾಲೆಯನ್ನು ದೂರುವ ಅಭ್ಯಾಸವೂ ಇರಲಿಲ್ಲ. ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದವರೇ ಕೆಲವೇ ಮಂದಿ. ಅಂದಿನಿಂದ ಇಂದಿನವರೆಗೆ ಒಂದೊಂದು ತಲೆಮಾರೂ ತನ್ನ ಹಿಂದಿನವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತೆಂದು ನಂಬಿಕೊಂಡೇ ಬಂದಿದೆ. ನಿಜವಾಗಿ ಇಷ್ಟು ಕಾಲ ಇಳಿಯುತ್ತಲೇ ಬಂದಿದ್ದರೆ ಇಷ್ಟು ಹೊತ್ತಿಗೆ ತಳವಾದರೂ ಸಿಗಬೇಕಿತ್ತು.

‘ಇಂಗ್ಲಿಷ್ ಬರೋದಿಲ್ಲ’ ಎನ್ನುವಾಗ ನಾವು ಎರಡು ಬೇರೆ ಬೇರೆ ಕೊರತೆಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತೇವೆ. ಮೊದಲನೆಯದು ಕಣ್ಣಿಗೆ ಹೊಡೆಯುವಂಥದ್ದು. ‘ನಿನ್ನೆ ಬಂದಿದ್ದೆ’ ಎಂದು ಯೋಚಿಸುವ ಹುಡುಗಿ ‘ಐ ಹ್ಯಾಡ್ ಕಮ್ ಯೆಸ್ಟರ್‌ಡೇ’ ಎಂದು ಬರೆಯುತ್ತಾಳೆ. ಅದು ದಡ್ಡತನವಲ್ಲ, ಕನ್ನಡದ ‘ಇದ್ದೆ’ಯನ್ನು ನಿಯತ್ತಾಗಿ ಆಚೆ ದಾಟಿಸಿದ್ದು. ನಮ್ಮ ಭಾಷೆಯಲ್ಲಿ ನಾಮಪದದ ಮುಂದೆ ‘ದಿ’, ‘ಎ’ ಎಂಬ ಕಾವಲುಗಾರರೇ ಇಲ್ಲ, ಹಾಗಾಗಿ ಅವರನ್ನು ಎಲ್ಲಿ ನಿಲ್ಲಿಸಬೇಕೆಂಬ ಗೊಂದಲ ಎಂಎ ಮುಗಿದ ಮೇಲೂ ಉಳಿಯುತ್ತದೆ. ಎಷ್ಟೋ ಅಧ್ಯಾಪಕರಲ್ಲಿಯೂ ಉಳಿದಿರುತ್ತದೆ, ಅದು ಬೇರೆ ಮಾತು. ಎರಡನೆಯ ಕೊರತೆ ಕಿವಿಗೆ ಕೇಳಿಸುವುದಿಲ್ಲ: ಎರಡು ಪುಟದ ಒಂದು ವಾದವನ್ನು ಓದಿ, ಅದು ಏನು ಹೇಳುತ್ತಿದೆ, ಎಲ್ಲಿ ಎಡವಿದೆ ಎಂದು ಸ್ವಂತ ಮಾತಿನಲ್ಲಿ ಹೇಳಲಾಗದಿರುವುದು. ಕಾನ್ವೆಂಟಿನಲ್ಲಿ ಕಲಿತು ಪಟಪಟನೆ ಇಂಗ್ಲಿಷ್ ಮಾತಾಡುವ ಹುಡುಗನಲ್ಲೂ ಈ ಕೊರತೆ ಇರಬಹುದು, ಆದರೆ ಅವನ ಉಚ್ಚಾರಣೆ ಅದನ್ನು ಮುಚ್ಚಿಬಿಡುತ್ತದೆ. ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1979ರಲ್ಲೇ ಈ ಎರಡನ್ನೂ ಬಿಡಿಸಿಟ್ಟರು. ವಲಸೆ ಬಂದ ಮಕ್ಕಳಿಗೆ ಮಾತಿನ ಸಲೀಸು ಎರಡು ವರ್ಷದಲ್ಲಿ ಬಂದರೆ, ಪಾಠದ ಭಾಷೆ ಕೈಹತ್ತಲು ಐದರಿಂದ ಏಳು ವರ್ಷ ಬೇಕು ಎಂಬುದು ಅವರು ಕಂಡುಕೊಂಡ ಲೆಕ್ಕ. ಅದೂ ಸುತ್ತಲೂ ಇಂಗ್ಲಿಷ್ ಕೇಳುವ ಊರಿನಲ್ಲಿ. ನಮ್ಮ ತಾಲ್ಲೂಕು ಕೇಂದ್ರದ ವಿದ್ಯಾರ್ಥಿಗೆ ಸಿಗುವುದು ದಿನಕ್ಕೊಂದು ಪೀರಿಯಡ್ಡು.

ಎಸ್ಸೆಸ್ಸೆಲ್ಸಿವರೆಗೆ ‘ದ್ಯುತಿಸಂಶ್ಲೇಷಣೆ’ ಎಂದು ಓದಿ, ಎಲೆ ಬಿಸಿಲನ್ನು ಏನು ಮಾಡುತ್ತದೆಂದು ಚೆನ್ನಾಗಿ ಅರಿತವಳು ಪಿಯು ವಿಜ್ಞಾನಕ್ಕೆ ಸೇರಿದ ಮೊದಲ ವಾರ ‘ಫೋಟೊಸಿಂಥೆಸಿಸ್’ ಎದುರು ಹೊಸಬಳಾಗಿ ನಿಲ್ಲುತ್ತಾಳೆ. ವಿಷಯ ಗೊತ್ತಿದ್ದೂ ಗೊತ್ತಿಲ್ಲದವರ ಸಾಲಿಗೆ ಸೇರುತ್ತಾಳೆ. ಪದವಿ ತರಗತಿಯಲ್ಲಿ ಮೇಷ್ಟ್ರು ಕನ್ನಡ ಬೆರೆಸಿ ವಿವರಿಸುತ್ತಾರೆ, ಅದು ಒಳ್ಳೆಯದೇ. ಆದರೆ ಕೊನೆಯ ಹತ್ತು ನಿಮಿಷ ಇಂಗ್ಲಿಷಿನಲ್ಲಿ ನೋಟ್ಸ್ ಹೇಳಿ ಬರೆಸುತ್ತಾರೆ. ಪರೀಕ್ಷೆಯಲ್ಲಿ ಕೇಳುವುದು ಆ ನೋಟ್ಸನ್ನು. ಹೀಗೆ ಮೂರು ವರ್ಷದಲ್ಲಿ ಸ್ವಂತದ್ದೊಂದು ಇಂಗ್ಲಿಷ್ ವಾಕ್ಯವನ್ನು ಬರೆಯೆಂದು ಯಾರೂ ಹೇಳದೆಯೇ ಪದವಿ ಮುಗಿಯಬಹುದು. ಮೌಲ್ಯಮಾಪಕರ ಕೆಂಪು ಶಾಯಿ ಸುತ್ತುಹಾಕುವುದು ಯಾವ ವಾಕ್ಯಕ್ಕೆ? ಉರು ಹೊಡೆದದ್ದು ಮರೆತುಹೋಗಿ, ವಿದ್ಯಾರ್ಥಿ ತಾನೇ ಕಟ್ಟಲು ಹೆಣಗಿದ ವಾಕ್ಯಕ್ಕೆ. ಉರು ಹೊಡೆದ ವಾಕ್ಯದಲ್ಲಿ ಒಂದು ಕಾಮಾ ಕೂಡ ಆಚೀಚೆ ಆಗಿರುವುದಿಲ್ಲ. ಪ್ರಯತ್ನಕ್ಕೆ ಶಿಕ್ಷೆ, ಪ್ರಯತ್ನಿಸದಿರುವುದಕ್ಕೆ ಅಂಕ: ಈ ಪಾಠವನ್ನು ಮಕ್ಕಳು ಯಾವ ಭಾಷೆಯಲ್ಲಾದರೂ ಬೇಗ ಕಲಿಯುತ್ತಾರೆ.

ಭಾಷೆ ಕಲಿಸುವುದು ಶಾಲೆಯ ಕೆಲಸ, ನಮ್ಮದು ಅರ್ಥಶಾಸ್ತ್ರ ಎಂದು ಅಧ್ಯಾಪಕರು ಹೇಳಬಹುದು. ಶಾಲೆಯೂ ಸುಮ್ಮನೆ ಕೂತಿಲ್ಲ. ನಮ್ಮ ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು, 2019ರಿಂದ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಬಂದವು, ದೂರು ಮಾತ್ರ ಕದಲಲಿಲ್ಲ. ಅರ್ಥಶಾಸ್ತ್ರದ ವಾದವನ್ನು ಹೇಗೆ ಓದಬೇಕೆಂದು ಅರ್ಥಶಾಸ್ತ್ರದ ಮೇಷ್ಟ್ರಲ್ಲದೆ ವ್ಯಾಕರಣದ ಮೇಷ್ಟ್ರು ಕಲಿಸಲಾರರು. ತರಗತಿಯಲ್ಲಿ ನೂರು ಜನ, ಸೆಮಿಸ್ಟರಿನಲ್ಲಿ ಸಿಲಬಸ್ಸೇ ಮುಗಿಯುವುದಿಲ್ಲ ಎಂಬ ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಅತಿಥಿ ಉಪನ್ಯಾಸಕರ ಸಂಬಳ, ಕಾರ್ಯಭಾರ ಬಲ್ಲವರು ಯಾರೂ ಅದನ್ನು ತಳ್ಳಿಹಾಕಲಾರರು. ಹಾಗಿದ್ದರೂ ನೋಟ್ಸ್ ಬರೆಸುವ ಹತ್ತು ನಿಮಿಷ ಹೇಗೂ ಇದೆಯಲ್ಲ. ಅದರಲ್ಲೇ ಪಠ್ಯದ ಒಂದು ಪ್ಯಾರಾ ಓದಿಸಿ, ಸಾರವನ್ನು ಮೊದಲು ಕನ್ನಡದಲ್ಲಿ ಹೇಳಿಸಿ, ಆಮೇಲೆ ಎರಡು ಇಂಗ್ಲಿಷ್ ವಾಕ್ಯ ಬರೆಸಬಹುದು. ಇನ್ನು ಕೆಲವರು ಇಂಗ್ಲಿಷಿನ ಗೊಡವೆಯೇ ಬೇಡ, ಎಲ್ಲವೂ ಕನ್ನಡದಲ್ಲಾಗಲಿ ಎನ್ನುತ್ತಾರೆ. ಇಂಗ್ಲಿಷ್ ಮಾಧ್ಯಮದ ಕೋರ್ಸಿನಲ್ಲೂ ಪ್ರಾದೇಶಿಕ ಭಾಷೆಯಲ್ಲಿ ಉತ್ತರ ಬರೆಯಲು ಬಿಡಿ ಎಂದು 2023ರಲ್ಲಿ ಯುಜಿಸಿ ವಿಶ್ವವಿದ್ಯಾಲಯಗಳಿಗೆ ಹೇಳಿದಾಗ ಒಂದು ಹಳೆಯ ಅನ್ಯಾಯ ಸ್ವಲ್ಪ ಸರಿಹೋಯಿತು, ಸಂಶಯವಿಲ್ಲ. ಆದರೆ ಗೈಡಿನ ಪುಟ ಕನ್ನಡದಲ್ಲಿದ್ದರೂ ಅದು ಗೈಡೇ. ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ಕನ್ನಡಕ್ಕೆ ‘ಇಂಗ್ಲಿಷ್ ಗೀತಗಳು’ ಕೊಟ್ಟದ್ದು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಲ್ಲ.

ಅಧ್ಯಾಪಕರೇ, ಮುಂದಿನ ಸಲದ ಮೌಲ್ಯಮಾಪನದಲ್ಲಿ ಒಂದೂ ತಪ್ಪಿಲ್ಲದ ಉತ್ತರ ಕೈಗೆ ಬಂದಾಗ, ದಯವಿಟ್ಟು ಅದೇ ಕಟ್ಟಿನ ಮುಂದಿನ ನಾಲ್ಕು ಪತ್ರಿಕೆಗಳನ್ನೂ ತೆರೆದು ನೋಡಿ. ಅದೇ ವಾಕ್ಯ, ಅದೇ ಕಾಮಾ ಅಲ್ಲಿಯೂ ಸಿಗುತ್ತದೆ.